ಮಗೂಗೆ ನೀರು ಹುಯ್ಯೋರು ಯಾರು?

ಓಪಿಡಿಯ ಸಾಲು ಕರಗಿ, ಇನ್ನೇನು ಡಬ್ಬಿ ಬಿಚ್ಚಿ ಊಟಕ್ಕೆ ಕೂರಬೇಕು ಅನ್ನುವಾಗ ಆ ಚೀಟಿ ಬರುತ್ತದೆ. ಮಕ್ಕಳ ವಾರ್ಡಿನಿಂದ 'ಕಾಲ್', ಅಂದರೆ ಬಂದು ಒಂದು ಮಗುವನ್ನು ನೋಡಿ ಅನ್ನುವ ಕರೆ. ಇಡೀ ಹಾಳೆಯಲ್ಲಿ ನನಗೆ ಸಂಬಂಧಪಟ್ಟದ್ದು ಒಂದೇ ಸಾಲು. 'ಮೂರು ದಿನದಿಂದ ರ‍್ಯಾಶ್, ದಯವಿಟ್ಟು ನೋಡಿ.' ಎಲ್ಲಿ ಬಂದಿದೆ, ಎಂಥದು ಬಂದಿದೆ, ಮೊದಲು ಬಂದದ್ದು ಜ್ವರವೋ ಗುಳ್ಳೆಯೋ, ಅದೊಂದೂ ಇರುವುದಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ರಾತ್ರಿಯಿಡೀ ಎಳೆಯ ಕೈಗಳಲ್ಲಿ ನರ ಹುಡುಕಿ ಡ್ರಿಪ್ ಹಾಕಿದ ಹುಡುಗಿ ಬರೆದ ಚೀಟಿ ಅದು. ಅವಳಿಗೆ ಉಸಿರು ಮೊದಲು, ಮೂತ್ರ ಆಮೇಲೆ, ಚರ್ಮ ಕೊನೆಗೆ. ನಾನಾಗಿದ್ದರೂ ಹಾಗೇ ಬರೆಯುತ್ತಿದ್ದೆ.

ನಾನು ಮಂಡ್ಯದಲ್ಲಿ ಚರ್ಮದ ಡಾಕ್ಟರು. ಓದಿದ್ದು ಮೈಸೂರಿನಲ್ಲಿ. ಯಾವ ಆಸ್ಪತ್ರೆ, ಯಾವ ಇಸವಿ ಅಂತ ಬೇಡ, ಇಲ್ಲಿ ನನ್ನ ತಪ್ಪುಗಳನ್ನೂ ಬರೆಯಬೇಕು. ಮದುವೆ ಮನೆಗೆ ಹೋದರೆ ಜನ ಮೊಡವೆ ತೋರಿಸುತ್ತಾರೆ, ಕೂದಲು ಉದುರುವುದಕ್ಕೆ ಎಣ್ಣೆ ಕೇಳುತ್ತಾರೆ. 'ಆಸ್ಪತ್ರೇಲಿ ಮಲಗಿರೋ ಮಗೂಗೆ ಚರ್ಮದ ಡಾಕ್ಟ್ರು ಯಾಕೆ?' ಅಂತ ನಮ್ಮತ್ತೆಯೇ ಒಂದು ಸಲ ಕೇಳಿದ್ದರು. ಒಗ್ಗರಣೆ ಹಾಕುತ್ತಿದ್ದೆ, ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇನೆ ಅಂದುಕೊಳ್ಳಿ.

ವಾರ್ಡಿಗೆ ಹೋಗುವಾಗ ನನ್ನ ಕೋಟಿನ ಜೇಬಿನಲ್ಲಿ ಇರುವುದು ಮೂರೇ ಸಾಮಾನು. ಒಂದು ಭೂತಗನ್ನಡಿ, ಒಂದು ಟಾರ್ಚು, ಲ್ಯಾಬಿನವರು ರಕ್ತ ಹಚ್ಚುವ ಗಾಜಿನ ತುಂಡು ಒಂದು. ಹೋದವಳೇ ಮಗುವನ್ನು ಕಿಟಕಿ ಹತ್ತಿರ ಕರೆದುಕೊಂಡು ಬರಲು ಹೇಳುತ್ತೇನೆ. ಡ್ರಿಪ್ ಇದ್ದರೆ ಮಂಚವನ್ನೇ ಎಳೆಸುತ್ತೇನೆ. ಸಿಸ್ಟರ್‌ಗಳು ಗೊಣಗುತ್ತಾರೆ. ಟ್ಯೂಬ್‌ಲೈಟಿನ ಬೆಳಕಲ್ಲಿ ಎಲ್ಲ ಮಕ್ಕಳೂ ಒಂದೇ ಥರ ಕಾಣುತ್ತಾರೆ, ಕಾಮಾಲೆಯೂ ಕಾಣುವುದಿಲ್ಲ, ಕೆಂಪೂ ಕಾಣುವುದಿಲ್ಲ.

ಕೆಂಪು ಅಂದೆನಲ್ಲ. ನಾವು ಓದಿದ ಪುಸ್ತಕಗಳ ಚಿತ್ರಗಳಲ್ಲಿ ಇರುವುದೆಲ್ಲ ಹೆಚ್ಚಾಗಿ ಬಿಳಿ ಮಕ್ಕಳು. ಆ ಚರ್ಮದ ಮೇಲೆ ಕೆಂಪು ಕುಂಕುಮ ಚೆಲ್ಲಿದ ಹಾಗೆ ಕಾಣುತ್ತದೆ. ನಮ್ಮ ಮದ್ದೂರಿನ ಮಗುವಿಗೆ, ನಾಗಮಂಗಲದ ಮಗುವಿಗೆ ಅದೇ ರ‍್ಯಾಶ್ ಬಂದರೆ ನೇರಳೆಯೋ, ಕಂದೋ, ಸುಮ್ನೆ ಒಂಚೂರು ಮಬ್ಬೋ ಆಗಿ ಕಾಣುತ್ತದೆ. ಕಾಣದೆಯೂ ಇರಬಹುದು. ಬೆರಳಿಗೆ ಬಿಸಿ ತಾಗಬಹುದು ಅಷ್ಟೆ. ಕೆಂಪು ಇಲ್ಲ ಅಂತ ಕೇಸ್ ಶೀಟಿನಲ್ಲಿ ಬರೆದಿರುತ್ತದೆ, ಮಗುವಿನ ಅಮ್ಮ ಮಾತ್ರ 'ಬಣ್ಣ ತಿರುಗೈತೆ ಮೇಡಮ್' ಅನ್ನುತ್ತಿರುತ್ತಾಳೆ. ಇಂಥ ಜಗಳದಲ್ಲಿ ನಾನು ಕಣ್ಣು ಮುಚ್ಚಿಕೊಂಡು ಅಮ್ಮನ ಕಡೆ.

ಗಾಜಿನ ತುಂಡು ಯಾಕೆ ಅಂತ ಹೇಳಿಬಿಡುತ್ತೇನೆ. ಚುಕ್ಕೆಯ ಮೇಲೆ ಅದನ್ನು ಇಟ್ಟು ಒತ್ತಿದಾಗ ಬಣ್ಣ ಮಾಯವಾದರೆ ರಕ್ತ ಇನ್ನೂ ನಾಳದೊಳಗೇ ಇದೆ ಅಂತ ಅರ್ಥ. ಮಾಯವಾಗದಿದ್ದರೆ ರಕ್ತ ಹೊರಗೆ ಸೋರಿದೆ. ಹೊಟ್ಟೆನೋವು ಅಂತ ದಾಖಲಾಗಿದ್ದ ಏಳು ವರ್ಷದ ಹುಡುಗನೊಬ್ಬನಿಗೆ ಎರಡು ದಿನದಲ್ಲಿ ಎರಡು ಸ್ಕ್ಯಾನ್ ಆಗಿದ್ದವು. ಅಪೆಂಡಿಕ್ಸ್ ಇರಬಹುದು ಅಂತ ಸರ್ಜನ್ನರೂ ಬಂದು ಹೋಗಿದ್ದರು. ನನ್ನನ್ನು ಕರೆದದ್ದು 'ಸೊಳ್ಳೆ ಕಡಿತಕ್ಕೆ ಮುಲಾಮು ಬರೆದುಕೊಡಿ' ಅಂತ. ಪ್ಯಾಂಟು ಇಳಿಸಲು ಅವನು ಸುತರಾಂ ಒಪ್ಪಲಿಲ್ಲ. ಗಾಜನ್ನು ಅವನ ಕೈಗೇ ಕೊಟ್ಟು 'ನೀನೇ ಒತ್ತು, ಹೋಗುತ್ತಾ ನೋಡು' ಅಂದ ಮೇಲೆ ಪೊಲೀಸರ ಥರ ಪರೀಕ್ಷೆ ಮಾಡಲು ಕೂತ. ಕಾಲಿನಿಂದ ಕುಂಡೆಯವರೆಗೂ ಉಬ್ಬಿದ ನೇರಳೆ ಚುಕ್ಕೆಗಳು. ಒಂದೂ ಮಾಯವಾಗಲಿಲ್ಲ. ವಾರ್ಡಿನ ಭಾಷೆಯಲ್ಲಿ ಇದಕ್ಕೆ ಎಚ್‌ಎಸ್‌ಪಿ ಅನ್ನುತ್ತೇವೆ. ಸಣ್ಣ ರಕ್ತನಾಳಗಳ ಉರಿಯೂತ. ನೆಗಡಿ ಕೆಮ್ಮು ಆದ ಒಂದೆರಡು ವಾರಕ್ಕೆ ಬರುವುದು ಜಾಸ್ತಿ. ಹೊಟ್ಟೆನೋವೂ ಅದರದ್ದೇ, ಕಾಲು ಗಂಟಿನ ನೋವೂ ಅದರದ್ದೇ. ಬಹುತೇಕ ಮಕ್ಕಳಲ್ಲಿ ಕೆಲವು ವಾರಕ್ಕೆ ತಾನಾಗಿ ಇಳಿಯುತ್ತದೆ. ಆದರೆ ಕೆಲವರಲ್ಲಿ ಕಿಡ್ನಿಗೆ ತಟ್ಟುತ್ತದೆ, ಹಾಗಾಗಿ ಆರು ತಿಂಗಳು ಮೂತ್ರ, ಬಿಪಿ ನೋಡಿಸುತ್ತಲೇ ಇರಬೇಕು. ಮುಲಾಮು ಬೇಕಾಗಲಿಲ್ಲ. ಗಾಜಿನ ತುಂಡು ಅವನ ಹತ್ತಿರವೇ ಉಳಿಯಿತು, ಬದಿಯ ಮಂಚದವರನ್ನೆಲ್ಲ ಒತ್ತಿ ನೋಡಿದನಂತೆ.

ಇನ್ನು ಆ ಪ್ರಶ್ನೆ.

ನಾನು ಪಿಜಿ ಮಾಡುತ್ತಿದ್ದಾಗ ಒಂಬತ್ತು ದಿನದಿಂದ ಜ್ವರ ಬಿಡದ ಐದು ವರ್ಷದ ಹುಡುಗಿಯೊಬ್ಬಳನ್ನು ನೋಡಲು ಹೋಗಿದ್ದೆ. ಚಾಮರಾಜನಗರದ ಕಡೆಯವರು. ಡೆಂಗಿ ಅಲ್ಲ, ಟೈಫಾಯಿಡ್ ಅಲ್ಲ, ಮಲೇರಿಯ ಅಲ್ಲ. ಮೈ ಮೇಲೆ ಮಾಸಲು ಚುಕ್ಕೆ. ನಾನು ಕೈ, ಕಾಲು, ಬೆನ್ನು, ಹೊಟ್ಟೆ ನೋಡಿದೆ. ಅಪ್ಪನ ಹತ್ತಿರ ಹತ್ತು ನಿಮಿಷ ವಿಚಾರಿಸಿದೆ. 'ವೈರಲ್ ರ‍್ಯಾಶ್ ಇರಬಹುದು' ಅಂತ ಬರೆದು ಹೊರಟೆ. ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದ ಅಜ್ಜಿ, ಎಲೆಯಡಿಕೆ ಚೀಲ ಕಟ್ಟಿಕೊಳ್ಳುತ್ತಾ, 'ಕಂಕುಳದಾಗಳ ಗಾಯ ನೋಡುದ್ರಾ?' ಅಂದರು.

ನೋಡಿರಲಿಲ್ಲ. ಕೈ ಎತ್ತಿಸಿದರೆ ಬಲಗಂಕುಳಿನಲ್ಲಿ ಕರೀ ಹಕ್ಕಳೆ. ಬೀಡಿಯಲ್ಲಿ ಸುಟ್ಟ ಹಾಗೆ, ಸುತ್ತ ಒಂದು ಉಂಗುರ. ನೋವಿಲ್ಲ, ತುರಿಕೆಯಿಲ್ಲ, ಅದಕ್ಕೇ ಮಗು ಹೇಳಿಲ್ಲ. ಸ್ಕ್ರಬ್ ಟೈಫಸ್ ಅನ್ನುವ ಜ್ವರದ ಗುರುತು ಅದು. ಹುಲ್ಲು ಪೊದೆಯಲ್ಲಿರುವ, ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಸಣ್ಣ ನುಸಿಯ ಮರಿ ಕಚ್ಚಿದ ಜಾಗ. ಆ ಮರಿ ಬಟ್ಟೆಯ ಬಿಗಿ ಇರುವ, ಬೆವರು ನಿಲ್ಲುವ ಜಾಗವನ್ನೇ ಹುಡುಕುತ್ತದೆ. ಕಂಕುಳು, ತೊಡೆಸಂದಿ, ಕಿವಿಯ ಹಿಂದೆ. ಸರಿಯಾದ ಔಷಧಿ ಬಿದ್ದರೆ ಜ್ವರ ಒಂದೆರಡು ದಿನಕ್ಕೆ ಇಳಿಯುತ್ತದೆ. ಗೊತ್ತಾಗದೆ ಹೋದರೆ ಶ್ವಾಸಕೋಶ, ಮಿದುಳು, ಕಿಡ್ನಿಗೂ ಹೋಗಬಹುದು. ಡಾಕ್ಸಿಸೈಕ್ಲಿನ್ ಹಲ್ಲಿಗೆ ಕಲೆ ಕೊಡುತ್ತದೆ ಅಂತ ಹಿಂದೆ ಮಕ್ಕಳಿಗೆ ಕೊಡಲು ಹೆದರುತ್ತಿದ್ದರು. ನಾಲ್ಕಾರು ದಿನ ಕೊಟ್ಟರೆ ಹಾಗೇನೂ ಆಗುವುದಿಲ್ಲ ಅಂತ ಈಗ ಗೊತ್ತಾಗಿದೆ.

ಮೊದಲೇ ಯಾಕೆ ಹೇಳಲಿಲ್ಲ ಅಂತ ಅಜ್ಜಿಯನ್ನು ಕೇಳಿದೆ. ನನ್ನ ದನಿಯಲ್ಲಿ ಗದರಿಕೆ ಇತ್ತು, ಈಗ ನಾಚಿಕೆಯಾಗುತ್ತದೆ. 'ನಾನೇ ಕಣವ್ವ ಮಗೀಗೆ ನೀರುಯ್ಯೋದು. ಮೊನ್ನೇನೇ ನೋಡಿದ್ದೆ. ನೀವು ಕೇಳ್ನಿಲ್ಲ, ನಾನು ಏಳ್ನಿಲ್ಲ.'

ಅವತ್ತಿನಿಂದ ಮಕ್ಕಳ ವಾರ್ಡಿಗೆ ಹೋದರೆ ನಾನು ಮೊದಲು ಕೇಳುವುದು ಇದನ್ನೇ. ಮಗೂಗೆ ನೀರು ಹುಯ್ಯೋರು ಯಾರು? ಕೇಸ್ ಶೀಟಿನಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ. 'ವಿವರ ಕೊಟ್ಟವರು: ತಂದೆ' ಅಂತ ಇರುತ್ತದೆ. ಪಾಪ, ಆತ ಬೆಳಗ್ಗೆ ಮಗು ಏಳುವ ಮೊದಲು ಕಬ್ಬಿನ ಗದ್ದೆಗೋ ಫ್ಯಾಕ್ಟರಿಗೋ ಹೋಗಿ ರಾತ್ರಿ ಬರುವವನು. ಮಗುವಿನ ಮೈ ಪೂರ್ತಿ ನೋಡಿದವರು ಒಬ್ಬರೇ ಇರುತ್ತಾರೆ, ಅವರು ಬಚ್ಚಲಲ್ಲಿ ಇರುತ್ತಾರೆ.

ಆದರೂ ಒಮ್ಮೆ ಕೇಳುವುದು ತಡ ಮಾಡಿದೆ. ಎಂಟು ತಿಂಗಳ ಕೂಸು, ಭೇದಿ ನಿಲ್ಲುತ್ತಿಲ್ಲ. ಕುಂಡೆಯ ಸುತ್ತ ಚರ್ಮ ಕಿತ್ತುಹೋಗಿತ್ತು. ಭೇದಿಯಿಂದ ಆದ ಹುಣ್ಣು, ಮೇಲೆ ಫಂಗಸ್ ಕೂತಿದೆ ಅಂತ ಮುಲಾಮು ಬರೆದೆ. ನಾಲ್ಕು ದಿನದಲ್ಲಿ ಇನ್ನೂ ಕೆಟ್ಟಿತು. ಮಗು ಅತ್ತಿದ್ದೇ ಅತ್ತಿದ್ದು, ಎತ್ತಿಕೊಂಡರೂ ಅಳು, ಇಳಿಸಿದರೂ ಅಳು. ಆಮೇಲೆ ನನ್ನ ಪ್ರಶ್ನೆ ನೆನಪಾಯಿತು. ನೀರು ಹಾಕುತ್ತಿದ್ದವಳು ಚಿಕ್ಕಮ್ಮ, ಹದಿನೆಂಟು ಹತ್ತೊಂಬತ್ತರ ಹುಡುಗಿ. 'ತಲೆ ಉಜ್ಜಿದ್ರೆ ಕೂದ್ಲೆಲ್ಲ ಕೈಗೇ ಬತ್ತದೆ ಮೇಡಮ್. ಬೆರಳ ತುದೀಲೂ ಸಿಪ್ಪೆ ಸುಲೀತದೆ' ಅಂದಳು. ಬಾಯಿಯ ಸುತ್ತ, ಕುಂಡೆಯ ಸುತ್ತ, ಬೆರಳ ತುದಿ, ಜೊತೆಗೆ ಕೂದಲು ಮತ್ತು ಭೇದಿ. ಇಷ್ಟೂ ಒಟ್ಟಿಗೆ ಸೇರಿದರೆ ಅದು ಸತುವಿನ, ಅಂದರೆ ಜಿಂಕಿನ ಕೊರತೆ. ಕೆಲವು ಮಕ್ಕಳು ಹುಟ್ಟಿನಿಂದಲೇ ಕರುಳಿನಲ್ಲಿ ಸತು ಹೀರಿಕೊಳ್ಳಲಾರರು. ಎದೆಹಾಲಿನ ಸತು ಸುಲಭವಾಗಿ ಒಗ್ಗುವುದರಿಂದ ಹಾಲು ಬಿಡಿಸುವವರೆಗೂ ಏನೂ ಗೊತ್ತಾಗುವುದಿಲ್ಲ. ಬಿಡಿಸಿದ ಮೇಲೆ ಶುರು. ಈ ಕೂಸಿಗೂ ಹಾಲು ಬಿಡಿಸಿ ಒಂದೂವರೆ ತಿಂಗಳಾಗಿತ್ತು. ಇದಕ್ಕೆ ಕಾರಣವಾದ ಜೀನ್ ಸಿಕ್ಕಿದ್ದು 2002ರಲ್ಲಿ.

ಸತುವಿನ ಸಿರಪ್ಪು ಶುರುಮಾಡಿದೆವು. ಭೇದಿಗೆ ಓಆರ್‌ಎಸ್ ಜೊತೆ ಕೊಡುವ ಅದೇ ಸಾಮಾನ್ಯ ಔಷಧಿ, ಅಳತೆ ಮಾತ್ರ ಹೆಚ್ಚು. ಚರ್ಮ ಮಾಗಲು ಎರಡು ವಾರ ಹಿಡಿಯಿತು. ಆದರೆ ಎರಡನೇ ದಿನವೇ ಅಳು ನಿಂತಿತು. ವಾರ್ಡಿಗೆ ಕಾಲಿಟ್ಟಾಗ ಸದ್ದಿಲ್ಲ, ನನಗೆ ಎದೆ ಧಸಕ್ಕೆಂದಿತು. ಮಗು ಚಿಕ್ಕಮ್ಮನ ಬಳೆ ಹಿಡಿದು ಆಡುತ್ತಿತ್ತು. ನಮ್ಮ ಕೆಲಸದಲ್ಲಿ ಇಷ್ಟು ಬೇಗ ಇಷ್ಟು ದೊಡ್ಡ ಬದಲಾವಣೆ ಕಾಣಿಸುವ ರೋಗ ಇನ್ನೊಂದು ನನಗೆ ಗೊತ್ತಿಲ್ಲ. ನಾನು ಕಳೆದ ಆ ನಾಲ್ಕು ದಿನವೂ ಮರೆಯುವುದಿಲ್ಲ.

ಕಜ್ಜಿಯ ವಿಷಯಕ್ಕೆ ಬಂದರೆ ಇದೇ ಪ್ರಶ್ನೆ ಇಡೀ ಮನೆಯನ್ನು ಹೊರಗೆ ತರುತ್ತದೆ. ಯಾರು ನೀರು ಹಾಕುತ್ತಾರೆ, ಯಾವ ಟವೆಲ್ಲು, ಅದರಲ್ಲಿ ಇನ್ಯಾರು ಒರೆಸಿಕೊಳ್ಳುತ್ತಾರೆ, ರಾತ್ರಿ ಮಗು ಯಾರ ಪಕ್ಕ ಮಲಗುತ್ತದೆ. ಕೊನೆಗೆ ಹಾಸ್ಟೆಲಿನಿಂದ ಬಂದ ಮಾವ ಮೂಲೆಯಲ್ಲಿ ನಿಂತು ಬೆರಳ ಸಂದಿ ಕೆರೆದುಕೊಳ್ಳುತ್ತಿರುತ್ತಾನೆ. ದೊಡ್ಡವರಿಗೆ ಮುಖ, ಅಂಗೈ, ಅಂಗಾಲು ಸಾಮಾನ್ಯವಾಗಿ ಬಿಟ್ಟು ಬರುವ ಕಜ್ಜಿ, ಕೂಸುಗಳಿಗೆ ಅಲ್ಲೂ ಬರುತ್ತದೆ. ಅದಕ್ಕೇ ಗುರುತು ತಪ್ಪುತ್ತದೆ. ಪರ್ಮೆಥ್ರಿನ್ ಮುಲಾಮನ್ನು ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಂಡು ಬೆಳಗ್ಗೆ ತೊಳೆಯಬೇಕು, ವಾರ ಬಿಟ್ಟು ಇನ್ನೊಮ್ಮೆ. 'ನಂಗೇನಿಲ್ಲ' ಅನ್ನುವವರೂ ಹಚ್ಚಬೇಕು. ಇದನ್ನು ಒಪ್ಪಿಸುವುದು ಔಷಧಿಗಿಂತ ಕಷ್ಟ.

ಇಂಥ ಮಕ್ಕಳಲ್ಲಿ ಎಷ್ಟೋ ಜನ ಆಸ್ಪತ್ರೆಗೆ ಬರುವ ಮೊದಲೇ ಮೆಡಿಕಲ್ ಸ್ಟೋರಿನ ಮುಲಾಮು ಹಚ್ಚಿರುತ್ತಾರೆ. ಫಂಗಸ್ಸಿಗೂ, ಬ್ಯಾಕ್ಟೀರಿಯಕ್ಕೂ, ತುರಿಕೆಗೂ ಎಲ್ಲಕ್ಕೂ ಒಂದೇ ಟ್ಯೂಬು. ಒಳಗಿರುವುದು ಜೋರಾದ ಸ್ಟಿರಾಯ್ಡ್. ತುರಿಕೆ ಅಡಗುತ್ತದೆ, ಹುಳ ಬೆಳೆಯುತ್ತದೆ, ಗುರುತು ಕೆಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಷೆಡ್ಯೂಲ್ ಎಚ್‌ಗೆ ಸೇರಿಸಿತು. ಕಾಗದದ ಮೇಲೆ.

ಒಂದು ತಮಾಷೆಯ ಕಾಲ್ ಹೇಳಿ ಮುಂದೆ ಹೋಗುತ್ತೇನೆ. ಮಳೆ ಮುಗಿದ ದಿನಗಳು. ನ್ಯುಮೋನಿಯಕ್ಕೆ ದಾಖಲಾಗಿದ್ದ ಮಗುವಿನ ಕುತ್ತಿಗೆಯಲ್ಲಿ ಬೆಳಗಾಗುವಷ್ಟರಲ್ಲಿ ಸುಟ್ಟ ಗೆರೆ. ರಾತ್ರಿಯ ಸಿಸ್ಟರು ಏನೋ ಚೆಲ್ಲಿದ್ದಾರೆ ಅಂತ ಮನೆಯವರ ಗಲಾಟೆ. ಬದಿಯ ಮಂಚದವರು ಸರ್ಪಸುತ್ತು ಅಂತ ತೀರ್ಪು ಕೊಟ್ಟಾಗಿತ್ತು. ಎರಡೂ ಅಲ್ಲ. ಕಿತ್ತಲೆ ಕಪ್ಪು ಪಟ್ಟೆಯ, ಇರುವೆಯಂಥ ಒಂದು ಸಣ್ಣ ಹುಳ. ಭತ್ತದ ಗದ್ದೆಯ ತೇವದಲ್ಲಿ ಇರುತ್ತದೆ, ರಾತ್ರಿ ದೀಪಕ್ಕೆ ಬರುತ್ತದೆ. ಕಚ್ಚುವುದಿಲ್ಲ. ಮೈ ಮೇಲೆ ಹರಿದಾಗ ನಾವು ಸವರಿ ಜಜ್ಜುತ್ತೇವಲ್ಲ, ಆಗ ಅದರ ರಸ ಚರ್ಮವನ್ನು ಸುಡುತ್ತದೆ. ಕಿಟಕಿಯ ಪಕ್ಕದ ಟ್ಯೂಬ್‌ಲೈಟಿನ ಕೆಳಗೆ ಎರಡು ಸತ್ತು ಬಿದ್ದಿದ್ದವು. ಹೆಕ್ಕಿ ತೋರಿಸಿದೆ. ಸಿಸ್ಟರು ಅಳುವುದು ಬಿಟ್ಟು ನಕ್ಕರು. ನಾಲೆ ನೀರಿನ ಜಿಲ್ಲೆಯಲ್ಲಿ ಆಸ್ಪತ್ರೆ ಕಿಟಕಿಗಳಿಗೆ ಒಂದು ಜಾಲರಿ ಹಾಕಿಸಿದರೆ ಸಾಕು, ನನ್ನ ಕಾಲ್‌ಗಳು ಕಡಿಮೆಯಾಗುತ್ತವೆ.

ಎಲ್ಲ ಕಾಲ್‌ಗಳೂ ಹೀಗಿರುವುದಿಲ್ಲ. ಮಧ್ಯರಾತ್ರಿ ಫೋನ್ ಬಂದರೆ ನಾನು ಹೆದರುವುದು ಒಂದಕ್ಕೆ. ಫಿಟ್ಸಿನ ಮಾತ್ರೆ ಶುರುಮಾಡಿ ಎರಡು ವಾರ ಆಗಿರುತ್ತದೆ. ಮಗುವಿಗೆ ಜ್ವರ, ಕಣ್ಣು ಉರಿ, ತುಟಿಯಲ್ಲಿ ಹುಣ್ಣು. ಮುಟ್ಟಿದರೆ ಮೈ ನೋವು. ಆಮೇಲೆ ಗುಳ್ಳೆ ಎದ್ದು ಚರ್ಮ ಸುಲಿಯುತ್ತದೆ. 1922ರಲ್ಲಿ ನ್ಯೂಯಾರ್ಕಿನ ಸ್ಟೀವನ್ಸ್ ಮತ್ತು ಜಾನ್ಸನ್ ಅನ್ನುವ ಇಬ್ಬರು ಡಾಕ್ಟರುಗಳು ಇಬ್ಬರು ಹುಡುಗರಲ್ಲಿ ಇದನ್ನು ಮೊದಲು ವಿವರಿಸಿದರು, ರೋಗಕ್ಕೆ ಅವರದೇ ಹೆಸರು. ಆಗ ಕೇಳುವುದು ಬೇರೆ ಪ್ರಶ್ನೆ. ಹೋದ ಒಂದು ತಿಂಗಳಲ್ಲಿ ಬಾಯಿಗೆ ಹಾಕಿದ್ದೆಲ್ಲ ಹೇಳಿ. ಚೀಲ ಬಿಚ್ಚಿಸುತ್ತೇನೆ, ಅಂಗಡಿ ಮಾತ್ರೆ, ನಾಟಿ ಔಷಧಿ ಎಲ್ಲ ಹೊರಗೆ. ಕಾರಣವಾದ ಮಾತ್ರೆಯನ್ನು ಆ ಗಂಟೆಯಲ್ಲೇ ನಿಲ್ಲಿಸುವುದು ಮೊದಲ ಚಿಕಿತ್ಸೆ. ಮನೆಗೆ ಹೋಗುವಾಗ ಮಾತ್ರೆಯ ಹೆಸರನ್ನು ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಅಮ್ಮನ ಪರ್ಸಿಗೆ ಹಾಕುತ್ತೇನೆ. ಒಬ್ಬ ತಾಯಿ ಅದನ್ನು ತಾಳಿ ಸರದ ಜೊತೆ ಪಿನ್ನು ಹಾಕಿಕೊಂಡು ಬಂದಿದ್ದರು.

ಹಾಗಂತ ಔಷಧಿ ಕೊಟ್ಟಾಗ ಬಂದ ಚುಕ್ಕೆಯೆಲ್ಲ ಅಲರ್ಜಿ ಅಲ್ಲ. ವೈರಲ್ ಜ್ವರದಲ್ಲಿ ಅಮಾಕ್ಸಿಸಿಲಿನ್ ಕೊಟ್ಟಾಗ ಏಳುವ ರ‍್ಯಾಶ್ ಎಷ್ಟೋ ಸಲ ಜ್ವರದ್ದೇ. ಅವಸರದಲ್ಲಿ 'ಪೆನಿಸಿಲಿನ್ ಅಲರ್ಜಿ' ಅಂತ ಕೆಂಪು ಪೆನ್ನಿನಲ್ಲಿ ಬರೆದರೆ ಆ ಮಗು ಮುದುಕನಾಗುವ ತನಕ ಒಳ್ಳೆಯ ಒಂದು ಔಷಧಿಯನ್ನು ಕಳೆದುಕೊಳ್ಳುತ್ತದೆ. ಈ ಕೆಂಪು ಪೆನ್ನಿನ ಬಗ್ಗೆ ನನಗೂ ಮಕ್ಕಳ ವಿಭಾಗದವರಿಗೂ ಆಗಾಗ ಜಗಳ ಇದೆ.

ಮತ್ತೆ, ಚರ್ಮದ ಕಾಲ್‌ಗೆ ಹೋದಾಗ ರೋಗಕ್ಕಿಂತ ಮೊದಲು ಎದುರಾಗುವುದು ಸುತ್ತಲಿನ ಮಂಚಗಳು. ಗುಳ್ಳೆ ಇರುವ ಮಗುವಿನ ಎರಡೂ ಕಡೆ ಜಾಗ ಖಾಲಿ ಬಿಟ್ಟಿರುತ್ತಾರೆ. ಫ್ಲಾಸ್ಕು ಸರಿಸಿಟ್ಟಿರುತ್ತಾರೆ. ಆ ತಾಯಿ ಸೆರಗನ್ನು ಮಗುವಿನ ಮೇಲೆ ಮುಚ್ಚಿ ಕೂತಿರುತ್ತಾಳೆ. ಅಂಟುವಂಥದ್ದಾದರೆ ನಾನೂ ಗ್ಲೌಸ್ ಹಾಕುತ್ತೇನೆ, ನಾಟಕ ಆಡುವುದಿಲ್ಲ. ಅಂಟದ್ದಾದರೆ ಎಲ್ಲರೂ ನೋಡುವ ಹಾಗೆ ಬರಿಗೈಯಲ್ಲಿ ಮುಟ್ಟುತ್ತೇನೆ, ಎತ್ತಿಕೊಳ್ಳುತ್ತೇನೆ. ಅರ್ಧ ಗಂಟೆಯಲ್ಲಿ ಫ್ಲಾಸ್ಕು ವಾಪಸು ಬಂದಿರುತ್ತದೆ.

ಹೋದ ಬೇಸಿಗೆಯಲ್ಲಿ ಎನ್‌ಐಸಿಯುನಿಂದ, ಅಂದರೆ ಆಗತಾನೇ ಹುಟ್ಟಿದ ಕೂಸುಗಳ ಐಸಿಯುನಿಂದ ಬಂದ ಕಾಲ್. ಹುಟ್ಟಿ ಆರು ಗಂಟೆಯಾದ ಹೆಣ್ಣು ಕೂಸು. ಮೈಗೆಲ್ಲ ಪ್ಲಾಸ್ಟಿಕ್ ಹಾಳೆ ಬಿಗಿದು ಸುತ್ತಿದ ಹಾಗೆ ಹೊಳೆಯುವ ಪೊರೆ. ರೆಪ್ಪೆಗಳು ಹೊರಗೆ ಮಗುಚಿ, ತುಟಿ ಎಳೆದುಕೊಂಡು, ಅಲ್ಲಲ್ಲಿ ಬಿರುಕು. ಕೊಲೋಡಿಯನ್ ಬೇಬಿ ಅನ್ನುತ್ತಾರೆ. 2006ರಲ್ಲಿ ಮಂಡ್ಯಕ್ಕೆ ಮೆಡಿಕಲ್ ಕಾಲೇಜು ಬರುವ ಮೊದಲಾಗಿದ್ದರೆ ಇಂಥ ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಓಡಬೇಕಿತ್ತು. ನಲವತ್ತೈದು ಕಿಲೋಮೀಟರು ಅಂತ ಬಾಯಲ್ಲಿ ಹೇಳುವುದು ಸುಲಭ, ಆ ಚರ್ಮದಿಂದ ನೀರೂ ಕಾವೂ ಸೋರಿ ಹೋಗುತ್ತಲೇ ಇರುತ್ತದೆ.

ಪೊರೆಯನ್ನು ಕೈಯಿಂದ ಕೀಳಬಾರದು. ತೇವ ಇರುವ ಇನ್‌ಕ್ಯುಬೇಟರ್‌ನಲ್ಲಿ ಇಟ್ಟು, ಮತ್ತೆ ಮತ್ತೆ ವ್ಯಾಸಲೀನ್ ಹಚ್ಚಿ, ಕಣ್ಣಿಗೆ ಹನಿ ಹಾಕುತ್ತಾ ಕಾಯಬೇಕು. ಎರಡು ಮೂರು ನಾಲ್ಕು ವಾರದಲ್ಲಿ ತಾನೇ ಉದುರುತ್ತದೆ. ಕೆಳಗೆ ಕೆಲವರಿಗೆ ಬಹುತೇಕ ಮಾಮೂಲಿ ಚರ್ಮ ಸಿಗುತ್ತದೆ. ಹೆಚ್ಚಿನವರಿಗೆ ಜೀವನಪೂರ್ತಿ ಒಣಗಿ ಹುರುಪೆ ಏಳುವ ಚರ್ಮ. ಈ ಕೂಸಿಗೆ ಎರಡನೆಯದು.

ಮನೆಯವರು ಆಗಲೇ ಸರ್ಪದೋಷ ಅಂದಿದ್ದರು. ಬಸುರಿಯಲ್ಲಿ ಹುತ್ತದ ಪಕ್ಕ ನಡೆದಳು ಅಂತ ಸೊಸೆಯ ಮೇಲೆ ಹೊರಿಸಿದ್ದರು. ಮದುವೆ ಸೋದರಮಾವನ ಜೊತೆಗೇ ಆದದ್ದು. ಅವಳದ್ದು ಅರ್ಧ, ಅವನದ್ದು ಅರ್ಧ, ಎರಡೂ ಕಡೆಯ ದೋಷದ ಜೀನ್ ಸೇರಿದರೆ ಮಾತ್ರ ಹೀಗೆ, ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ ಅಂತ ಅವನನ್ನೂ ಕೂರಿಸಿಕೊಂಡು ಹೇಳಿದೆ. ಕುಕ್ಕೆಗೆ ಹೋಗಿ ಬರಬಹುದಾ ಅಂತ ಕೇಳಿದರು. ಧಾರಾಳವಾಗಿ ಹೋಗಿ, ವ್ಯಾಸಲೀನ್ ಡಬ್ಬ ಮರೀಬೇಡಿ ಅಂದೆ.

ಮನೆಗೆ ಕಳಿಸುವ ಹಿಂದಿನ ದಿನ ನನ್ನ ಹಳೇ ಪ್ರಶ್ನೆ ಕೇಳಿದೆ. ಅತ್ತೆ ಮುಂದೆ ಬಂದರು. ಹರಳೆಣ್ಣೆ ಮೆತ್ತಿ, ಕಾಲು ಚಾಚಿ ಮಲಗಿಸಿ, ಸುಡುಸುಡು ನೀರು, ಕಡಲೆಹಿಟ್ಟಲ್ಲಿ ಉಜ್ಜು, ಸಾಂಬ್ರಾಣಿ ಹೊಗೆ. ಇವರ ಪದ್ಧತಿ ಅದು. ಒಂದೊಂದಾಗಿ ಬೇಡ ಅಂದೆ. ಉಗುರು ಬೆಚ್ಚಗಿನ ನೀರು, ಹಿಟ್ಟು ಬೇಡ, ಉಜ್ಜುವುದು ಬೇಡ, ಒರೆಸದೆ ಒತ್ತಿ ತೆಗೆದು, ಮೈ ಹಸಿ ಇರುವಾಗಲೇ ವ್ಯಾಸಲೀನ್. ಈ ಮಕ್ಕಳಿಗೆ ಬೆವರು ಸರಿಯಾಗಿ ಬರುವುದಿಲ್ಲ, ಬಿಸಿಲಿನ ದಿನ ಒದ್ದೆ ಬಟ್ಟೆ ಇಟ್ಟುಕೊಂಡಿರಬೇಕು.

'ಐದು ಎತ್ತಿವ್ನಿ, ಹನ್ನೊಂದು ಮೊಮ್ಮಕ್ಕಳ್ಗೆ ನೀರುಯ್ದಿವ್ನಿ. ನೀನು ನಂಗೆ ಏಳ್ಕೊಡ್ತೀಯಾ?' ಅಂದರು. ಸಿಸ್ಟರು ಬಕೆಟ್ಟು ತಂದಿಟ್ಟರು. ಅಜ್ಜಿ ಸೀರೆ ಸಿಕ್ಕಿಸಿಕೊಂಡು ಕಾಲು ಚಾಚಿ ಕೂತರು. ಕೂಸನ್ನು ಮೊಣಕಾಲ ಮೇಲೆ ಮಲಗಿಸಿ, ಮೊಣಕೈ ಅದ್ದಿ ನೀರು ನೋಡಿ, ಇನ್ನೊಂದು ಚೊಂಬು ತಣ್ಣೀರು ಬೆರೆಸಿದರು. ಕೈ ಅಭ್ಯಾಸದಂತೆ ಉಜ್ಜಲು ಹೋಗಿ ಗಾಳಿಯಲ್ಲೇ ನಿಂತಿತು. ಆಮೇಲೆ ಎರಡು ಬೆರಳಿನಲ್ಲಿ ಬೆನ್ನ ಮೇಲೆ ಸವರಿ, ನನ್ನ ಕಡೆ ತಿರುಗದೆ ಕೇಳಿದರು.

'ಇಷ್ಟು ಮೆತ್ಗಾದ್ರೆ ಸಾಕಾ?'

'ಇನ್ನೂ ಒಂಚೂರು ಮೆತ್ಗೆ, ಅಜ್ಜಿ.'